ಮಾವ ಸವರಿದ ಹರಳೆಣ್ಣೆ

ನಾನು ಗೇರ್ ಸೈಕಲ್ ಕೊಂಡು ತಂದಾಗ ನಮ್ಮ ಮಾವ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿಸಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಬಾಳ್ಳುಪೇಟೆಯಲ್ಲಿ ಪಾಠ ಹೇಳುವ, ನಲವತ್ತು ದಾಟಿದ ಸೊಸೆ ಭಾನುವಾರ ಬೆಳಗಾದರೆ ಹೆಲ್ಮೆಟ್ ಕಟ್ಟಿಕೊಂಡು ಎಸ್ಟೇಟ್ ದಾರಿಗಳಲ್ಲಿ ಗುಡ್ಡ ಹತ್ತಿಳಿಯುವುದು ಅವರಿಗೆ ಹಿಡಿಸಿಲ್ಲ ಅಂದುಕೊಂಡೆ. ಗಂಡ ಒಪ್ಪಿದ್ದರು, ಅತ್ತೆ ನಕ್ಕು ಸುಮ್ಮನಾಗಿದ್ದರು. ನನಗೋ ಮಾವನ ಒಪ್ಪಿಗೆಯೇ ಬೇಕಿತ್ತು. ನನ್ನಪ್ಪ ತೀರಿಕೊಂಡ ಮೇಲೆ ಇವರನ್ನೇ ಅಪ್ಪ ಅಂದುಕೊಂಡವಳು ನಾನು.

ಏಳು ತಿಂಗಳು ಹೀಗೇ ಕಳೆಯಿತು. ಮಳೆಗಾಲ ಹತ್ತಿರ ಬಂತು. ನಮ್ಮನೆಯಲ್ಲಿ ಮಳೆ ಹಿಡಿಯುವ ಮೊದಲು ಕತ್ತಿ, ಗರಗಸ, ಕಳೆ ಹೊಡೆಯುವ ಮೆಷಿನ್ನು, ಗೇಟಿನ ಕೀಲು ಎಲ್ಲಕ್ಕೂ ಹರಳೆಣ್ಣೆ ಸವರಿಡಬೇಕು. ಅದು ಮಾವನ ಕೆಲಸ, ಬೇರೆ ಯಾರೂ ಕೈ ಹಾಕುವಂತಿಲ್ಲ.

ಆ ಭಾನುವಾರ ಆನೇಮಹಲ್ ಹಿಂದಿನ ಗುಡ್ಡ ಹತ್ತಿ, ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಹಿಡಿಯಲಿಲ್ಲ. ಎರಡೂ ಒತ್ತಿದರೂ ಸೈಕಲ್ ಓಡುತ್ತಲೇ ಇತ್ತು. ಮುಂದೆ ತಿರುವು, ಅದರ ಕೆಳಗೆ ಕೆರೆ. ಹ್ಯಾಂಡಲ್ ತಿರುಗಿಸಿ ಕಾಫಿ ಗಿಡಗಳೊಳಗೆ ನುಗ್ಗಿಸಿ ಬಿದ್ದೆ. ಮೊಣಕೈ ತರಚಿ ರಕ್ತ ಬಂತು. ಎದ್ದು ಚಕ್ರದ ನಡುವಿನ ಡಿಸ್ಕ್ ಬ್ರೇಕಿನ ತಟ್ಟೆ ಮುಟ್ಟಿದರೆ ಬೆರಳೆಲ್ಲ ಜಿಡ್ಡು. ಮೂಸಿ ನೋಡಿದೆ, ಹರಳೆಣ್ಣೆ.

ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಿಡಿಸದಿದ್ದರೆ ಬಾಯಿಬಿಟ್ಟು ಹೇಳಬಾರದಿತ್ತೇ? ದಾರಿಯುದ್ದಕ್ಕೂ ಅವರ ಜೊತೆ ಮನಸ್ಸಿನಲ್ಲೇ ಜಗಳವಾಡುತ್ತ ಸೈಕಲ್ ತಳ್ಳಿಕೊಂಡು ಬಂದೆ. ಜಗಲಿಯಲ್ಲಿ ಕೂತಿದ್ದವರಿಗೆ, "ಬ್ರೇಕಿಗೆ ಎಣ್ಣೆ ಹಾಕಿದ್ರೆ ಅದು ಹಿಡಿಯಲ್ಲ ಮಾವ" ಎಂದಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮಧ್ಯಾಹ್ನ ಅವರು ಊಟಕ್ಕೆ ಬರಲಿಲ್ಲ. ಕರೆಯಲು ಹಿತ್ತಲಿಗೆ ಹೋದರೆ ಸೈಕಲ್ ಮಲಗಿಸಿಕೊಂಡು, ಎಣ್ಣೆ ಹಚ್ಚಿದ ಕೂಸಿನ ತಲೆ ತೊಳೆಯುವ ಹಾಗೆ ಸೀಗೆಪುಡಿ ಹಾಕಿ ತಟ್ಟೆ ಉಜ್ಜುತ್ತಿದ್ದರು. ಸೀಗೆಪುಡಿಗೆ ಬಗ್ಗುವ ಜಿಡ್ಡಲ್ಲ ಅದು, ತಟ್ಟೆಯನ್ನು ಹಿಡಿಯುವ ಬ್ರೇಕ್ ಪ್ಯಾಡ್ ಬದಲಾಯಿಸಲೇಬೇಕು. ಹೇಳಲು ಮನಸ್ಸಾಗಲಿಲ್ಲ.

ನನ್ನ ಮೊಣಕೈ ನೋಡಿದ್ದೇ ಅವರ ಕೈ ನಿಂತಿತು.

"ನೀನು ಹೋಗ್ಬಾರ್ದು ಅಂತ ಹಾಕಿದ್ದಲ್ಲ ಕಣವ್ವ," ಎಂದರು. "ಬ್ರೇಕ್ ಒತ್ತಿದ್ರೆ ಅದು ಬೋ ಅರಚ್ತಿತ್ತು. ನಮ್ಮುಡುಗಿ ಸಲೀಸಾಗಿ ಹೋಗ್ಲಿ ಅಂತ ಹಾಕ್ಬುಟ್ಟೆ."

ದಾರಿಯುದ್ದಕ್ಕೂ ಅವರ ಮೇಲೆ ಹೊರಿಸಿದ್ದನ್ನೆಲ್ಲ ನೆನೆದು ನಾಚಿಕೆಯಾಯಿತು.

"ನಾನು ಏನೇನೋ ಅಂದ್ಕೊಂಡ್ಬುಟ್ಟೆ ಮಾವ, ತಪ್ಪಾಯ್ತು."

"ನೀರು ಹುಯ್ಯಿ," ಎಂದರು.

ಚೊಂಬಿನಲ್ಲಿ ನೀರು ಹುಯ್ಯುತ್ತ ಅಳುತ್ತಿದ್ದೆ. ಅವರು ತಲೆಯೆತ್ತದೆ ಉಜ್ಜುತ್ತಿದ್ದರು. ಕೊನೆಗೆ ತಟ್ಟೆ ಒರೆಸುತ್ತ ಹೇಳಿದರು: "ಮೊಣಕೈ ಮಾಯ್ಲಿ. ಆಮೇಲೆ ಹೋಗು."