ಭಟ್ಟಿಯ ಬೆಲ್ಲ

ಬೆಟಗೇರಿಯ ಎರಕದ ಕಾರ್ಖಾನೆಯಲ್ಲಿ ಮೇಸ್ತ್ರಿ ತಣ್ಣಗಿನ ಕಬ್ಬಿಣದ ಸಲಾಕೆಯೊಂದನ್ನು ಎತ್ತಿ ಹಿಡಿದು, "ಬಣ್ಣ ಹೇಳಪಾ, ಕಾದೈತೇನು?" ಅಂದ. ಭಟ್ಟಿಯ ಆಳು ಕಣ್ಣು ಕಿರಿದು ಮಾಡಿ, "ಕೆಂಪಗ ಐತ್ರಿ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆನೇ? ದಿನಚರಿಯಲ್ಲಿ 'ಕೆಲಸಗಾರರು ನಕ್ಕರು' ಎಂದಿದೆ. ಬರೆದವನು ನಾನೇ ಆದ್ದರಿಂದ ಆ ಮಾತನ್ನು ಪೂರ್ತಿ ನಂಬಲಾರೆ.

ಏಕೀಕರಣಕ್ಕೆ ಕೆಲವು ತಿಂಗಳು ಮೊದಲಿನ ಮಾತಿದು. ಧಾರವಾಡದಲ್ಲಿ ವಿಜ್ಞಾನ ಓದಿ ಬಂದಿದ್ದ ನನ್ನನ್ನು ಮುಂಬೈ ಸರಕಾರದವರು ವಿಚಾರಣೆಗೆ ಕಳಿಸಿದ್ದರು. ಕಾದ ಲೋಹದಿಂದ ಬೆಳಕಿನ ಜೊತೆ ಕಾಣದ ಕಿರಣವೂ ಹೊಮ್ಮುತ್ತದೆ. ವರ್ಷಗಟ್ಟಲೆ ಎದುರು ನಿಂತವರ ಕಣ್ಣಿಗೆ ಪೊರೆ ಬರುತ್ತದೆ. ಈ ಆಳು ಭಟ್ಟಿಯ ಬಾಯಿಗೆ ಎಷ್ಟು ವರ್ಷ ಮುಖ ಕೊಟ್ಟು ನಿಂತಿದ್ದ ಎಂದು ನಾನು ಅಂದಾಜು ಮಾಡಬೇಕಿತ್ತು. ಬಹಳ ವರ್ಷವಾದರೆ ಅವನಿಗೆ ಪರಿಹಾರ, ಇಲ್ಲದಿದ್ದರೆ ಬರಿಗೈ.

ಯಾರು ಎಲ್ಲಿ ನಿಂತಿದ್ದರು ಎಂದು ಅಲ್ಲಿ ಯಾರೂ ಬರೆದಿಟ್ಟಿರಲಿಲ್ಲ. "ಎರಡು ವರ್ಷ ನಿಂತಾನ್ರಿ. ಅದಕ್ಕೂ ಮೊದಲ ಭಟ್ಟಿಯಿಂದ ದೂರ, ಉಸುಕಿನ ಅಚ್ಚಿನ ಕೆಲಸ" ಎಂದು ಮೇಸ್ತ್ರಿ ಸಾಧಿಸಿದ. ಉಳಿದವರೆಲ್ಲ ಹೊಸಬರು.

ಭಟ್ಟಿಯ ಮುಂದೆ ನಿಂತವರಿಗೆ ಮಾತ್ರ ಸಂಜೆ ಒಂದು ಉಂಡೆ ಬೆಲ್ಲ ಕೊಡುವ ರೂಢಿಯಿತ್ತು. ಅಲ್ಲಿಯೇ ತಿನ್ನಬೇಕು, ಮನೆಗೆ ಒಯ್ದರೆ ಕಳವು. ಹಾಗಾದರೆ ಬೆಲ್ಲದ ವರ್ಷಗಳೇ ಭಟ್ಟಿಯ ವರ್ಷಗಳು. ಈ ಉಪಾಯ ಹೊಳೆದಾಗ ನನಗೆ ಬಹಳ ಹೆಮ್ಮೆಯಾಗಿತ್ತು.

ಆ ಆಳಿನ ಕೈಹಿಡಿದು ಕರೆತರುತ್ತಿದ್ದ ಹೆಂಡತಿಯನ್ನು ಬೇವಿನ ನೆರಳಿನಲ್ಲಿ ಕೇಳಿದೆ. "ಹಿರೇ ಮಗಳು ಅಂಬೆಗಾಲು ಹಾಕತಿದ್ಲರಿ, ಅವಾಗಿಂದ ದಿನಾ ಬೆಲ್ಲ ತರತಿದ್ರು. ಮೊನ್ನೆ ಅಕಿ ಲಗ್ನ ಆತು" ಅಂದಳು. ಅಂದರೆ ಹದಿನೈದು ವರ್ಷಕ್ಕೆ ಕಡಿಮೆಯಿಲ್ಲ.

ಅದನ್ನು ಅವನೊಬ್ಬನನ್ನೇ ಬದಿಗೆ ಕರೆದು ಕೇಳಬೇಕಿತ್ತು. ನಾನು ಎಲ್ಲರೆದುರು ಕೇಳಿದೆ: "ದಿನಾಲೂ ಬೆಲ್ಲ ಮನಿಗೆ ಒಯ್ಯತಿದ್ದಿಯಂತ, ಖರೆ ಏನು?"

"ಅಯ್ಯ, ಬಾಯಾಗಿಂದು ತಗದು ಹೇಂತಿ ಬಾಯಾಗ ಹಾಕತಿದ್ದ್ಯೇನಲೇ?" ಎಂದು ಒಬ್ಬ ಕೂಗಿದ.

"ಕಳ್ಳ ಇರುವಿ ಲೇ ಇದು!" ಎಂದ ಇನ್ನೊಬ್ಬ.

ಆಳು ಹೆಂಡತಿಯ ಕೈ ಬಿಡಿಸಿಕೊಂಡ. "ಒಂದ ಚೂರೂ ಒಯ್ದಿಲ್ಲರಿ. ಇಕಿ ಸುಳ್ಳ ಹೇಳತಾಳ."

ಹೆಂಡತಿ ಅಲ್ಲೇ ನಿಂತಿದ್ದಳು. ಸೆರಗು ಸರಿಪಡಿಸಿಕೊಂಡು ಮತ್ತೆ ಅವನ ಕೈಹಿಡಿದಳು.

ಅವನು ಸುಳ್ಳಾಡಿದನೆಂದು ನನಗೆ ಗೊತ್ತಿತ್ತು. ಆದರೂ ವರದಿಯಲ್ಲಿ 'ಎರಡು ವರ್ಷ' ಎಂದು ಬರೆದೆ. ಅವನೇ ಒಪ್ಪದ ಸಾಕ್ಷಿಯನ್ನು ಹೇಗೆ ಬರೆಯಲಿ ಎಂದು ಆಗ ಅಂದುಕೊಂಡೆ. ಮೇಸ್ತ್ರಿಯ ಮಾತಿಗೆ ಯಾವ ಸಾಕ್ಷಿ ಇತ್ತು ಎಂಬ ಪ್ರಶ್ನೆ ಆಗಲೇ ಎದ್ದಿತೋ, ಈಗ ಮರ್ಯಾದೆಗಾಗಿ ಸೇರಿಸುತ್ತಿದ್ದೇನೋ, ತಿಳಿಯದು.

ಕಾಗದ ಮುಂಬೈಗೆ ಹೋಯಿತು. ಉತ್ತರ ಬೆಂಗಳೂರಿನಿಂದ ಬಂತು, ಇಂಗ್ಲಿಷಿನಲ್ಲಿ. ಓದಿ ಹೇಳಲು ಕಳಸಾಪುರದ ಅವನ ಮನೆಗೆ ಹೋದೆ.

"ಈಗ ನಮ್ಮದ ರಾಜ್ಯ ಆತಲ್ರಿ, ಏನ ಬರದಾರ?" ಅಂದ.

"ವಯಸ್ಸಿನ ಪೊರೆ. ಪರಿಹಾರ ಇಲ್ಲ" ಅಂದೆ.

ಅವನಿಗಾಗ ನಲವತ್ತೂ ದಾಟಿರಲಿಲ್ಲ.

ಮನೆಗೆ ಬಂದವರಿಗೆ ಕೊಡುವಂತೆ ಹೆಂಡತಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು. ನಾನು ಮುಟ್ಟಲಿಲ್ಲ. ಅವನು ನೆಲದ ಮೇಲೆ ಕೈಯಾಡಿಸಿ, ತಟ್ಟೆ ಹುಡುಕಿ, ನನ್ನ ಕಡೆ ಸರಿಸಿದ.

"ತಿನ್ರಿ ಸಾಹೇಬ್ರ. ಇದು ಅಂಗಡೀದು."