ಎಣ್ಣೆ ಕುಡಿದ ಪೈಪುಗಳು

ನಮ್ಮ ಹಳೆಯ ವ್ಯಾನಿನೊಳಗೆ ಮಂಚ, ನೀರಿನ ಟ್ಯಾಂಕು, ಸಣ್ಣ ಪಂಪು, ಪರದೆಯ ಹಿಂದೆ ಒಂದು ಕಮೋಡು ಇವೆ. ನಡೆಯಲಾಗದ ಮಗಳಿಗಾಗಿ ಇದನ್ನೆಲ್ಲ ಮಾಡಿಸಿದ್ದು ನಮ್ಮ ಯಜಮಾನರು. ಹೊರಗೆಲ್ಲೂ ಶೌಚಕ್ಕೆ ಅನುಕೂಲವಿರುವುದಿಲ್ಲವೆಂದು ಅವಳು ಬೇರೆ ಗಾಡಿ ಹತ್ತುವವಳಲ್ಲ. ಅವರು ತೀರಿಕೊಂಡ ಮೇಲೆ, ಓಡಿಸಲು ನನಗೆ ಬರುತ್ತಿದ್ದರೂ, ವ್ಯಾನು ಹರಿಹರದ ನಮ್ಮ ಮನೆ ಮುಂದೆ ನಿಂತೇ ಇತ್ತು. ಮಗಳೂ ಹೊಸಿಲು ದಾಟಲಿಲ್ಲ.

ಈ ಸಲ ಅವಳೇ ಬಾಯಿಬಿಟ್ಟು ಕೇಳಿದಳು. "ಆಯುಧಪೂಜಿ ದಿನ ಉಕ್ಕಡಗಾತ್ರಿಗೆ ಹೋಗಣಮ್ಮ. ಹೊಳಿ ನೋಡ್ಬೇಕು."

ಹಬ್ಬಕ್ಕೆ ಮುಂಚೆ ದಾವಣಗೆರೆಯಿಂದ ಮೆಕ್ಯಾನಿಕ್ ಬಂದ. ಒಳಗಿನ ಪಂಪು ಗುಂಯ್ಗುಡುತ್ತಿತ್ತೇ ಹೊರತು ನೀರೆತ್ತುತ್ತಿರಲಿಲ್ಲ. ಎಂಜಿನ್ನಿನ ವಾಟರ್ ಪಂಪು ಸೋರುತ್ತಿತ್ತು. ರೇಡಿಯೇಟರಿನ ಪೈಪುಗಳನ್ನು ನಾನೂ ಒತ್ತಿ ನೋಡಿದೆ. ನೆನೆದ ಮಂಡಕ್ಕಿಯ ಹಾಗೆ ಮೆತ್ತಗಾಗಿದ್ದವು.

"ಇದಕ್ಕೆ ಎಣ್ಣಿ ಹಚ್ಚೀರೇನ್ರಿ? ರಬ್ಬರ್ ಕುಡ್ದು ಉಬ್ಬೈತೆ. ದಾರ್ಯಾಗ ಒಡದ್ರೆ ಎಂಜಿನ್ನೇ ಹೋಗ್ತೈತೆ."

ಹಚ್ಚಿದವರು ಯಜಮಾನರೇ. ಪ್ರತಿ ಆಯುಧಪೂಜೆಗೂ ಬಾನೆಟ್ ಎತ್ತಿ, ಪೈಪುಗಳು ಮಿರಮಿರ ಮಿಂಚುವ ತನಕ ತಿಕ್ಕುತ್ತಿದ್ದರು. ಎಂಜಿನ್ನಿಗೂ ಎಣ್ಣೆಸ್ನಾನವೇ ಎಂದು ನಾನು ಆಡಿಕೊಳ್ಳುತ್ತಿದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ನನಗೆ ಸಿಟ್ಟೇ ಬಂತು. ಮಗಳನ್ನು ಕೂರಿಸಿಕೊಂಡು ಹೋಗುವ ಗಾಡಿ ಇದು, ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತೇ?

ಪಂಪು ಎರಡನ್ನೂ ಹೊಸದಾಗಿ ಹಾಕಿಸಿದೆ, ಪೈಪುಗಳನ್ನೂ. ಹಳೆಯವನ್ನು ಚೀಲಕ್ಕೆ ತುಂಬಿ ಗುಜರಿಗೆ ಹಾಕಲು ಹೊರಟಾಗ, ಬಾಗಿಲಲ್ಲಿ ಗಾಲಿಕುರ್ಚಿಯಲ್ಲಿದ್ದ ಮಗಳು ತಡೆದಳು.

"ಒಂದು ತುಂಡು ಇರ್ಲಿ ಬಿಡಮ್ಮ."

"ಹಾಳಾದ ಪೈಪು ಯಾಕ?"

"ಅಪ್ಪ ಹಚ್ಚೋವಾಗ ಎಣ್ಣಿ ಬಾಟ್ಲಿ ಹಿಡ್ಕಳ್ಳೋದು ನನ್ ಕೆಲ್ಸ ಆಗಿತ್ತು."

ನಾನು ಚೀಲ ಕೆಳಗಿಟ್ಟೆ. ಹಬ್ಬದ ದಿನ ನಮ್ಮ ಮನೆಯಲ್ಲಿ ಗಾಡಿ ತೊಳೆಯುವುದು, ಹೂ ಕಟ್ಟುವುದು, ಬೂದುಗುಂಬಳ ಒಡೆಯುವುದು ಎಲ್ಲವನ್ನೂ ನಾನು, ಯಜಮಾನರು ಇಬ್ಬರೇ ಓಡಾಡಿ ಮಾಡುತ್ತಿದ್ದೆವು. ಅವಳಿಗೆಂದು ಇದ್ದದ್ದು ಆ ಬಾಟ್ಲಿ ಒಂದೇ. ಅದನ್ನು ಅವಳ ಕೈಗೆ ಕೊಡಲಿಕ್ಕೇ ಅವರು ಎಣ್ಣೆ ಹಚ್ಚುತ್ತಿದ್ದರು ಎಂದು ನನಗೆ ಆಗ ತಿಳಿಯಿತು. ಸಿಟ್ಟು ಇಳಿದು, ಆ ಜಾಗದಲ್ಲಿ ದುಃಖ ಬಂದು ಕೂತಿತು.

ಪೂಜೆಯ ಬೆಳಿಗ್ಗೆ ವ್ಯಾನಿಗೆ ವಿಭೂತಿ ಹಚ್ಚಿ ಹಾರ ಹಾಕಿದೆ. ಎಣ್ಣೆ ತರಲಿಲ್ಲ. ಮಗಳ ಕುರ್ಚಿಯನ್ನು ಬಾನೆಟ್ಟಿನ ಹತ್ತಿರಕ್ಕೆ ತಳ್ಳಿದೆ.

"ನಾನೇನ್ ಹಿಡ್ಕಳ್ಳಿ?" ಎಂದಳು.

"ಹಿಡ್ಕಳ್ಳೋದು ಬ್ಯಾಡ. ಟಾರ್ಚ್ ನಾ ಹಿಡೀತೀನಿ, ನೀ ಪೈಪು ಒತ್ತಿ ನೋಡು. ನೀ ಹೂಂ ಅಂದ್ರೆ ಗಾಡಿ ತೆಗೀತೀನಿ."

ಅವಳು ಒಂದೊಂದನ್ನೇ ಒತ್ತಿದಳು. ಅವರಪ್ಪನ ಹಾಗೆಯೇ, ಆತುರವಿಲ್ಲದೆ.

"ಗಟ್ಟಿ ಅದಾವಮ್ಮ," ಎಂದಳು. "ನಡಿ, ಹೊಳಿಗೆ ಹೋಗಣ."