ಗಾಜಿನ ತೊಟ್ಟಿಯಲ್ಲಿ ಗಿಡ ಕರಗಿದ ಬೇಸಿಗೆ

ನಮ್ಮ ಬಾವಿಯ ನೀರಿಗೆ ಊರಲ್ಲಿ ಹೆಸರಿದ್ದ ಕಾಲ ಅದು. ಉದ್ಯಾವರದ ಹೊಳೆಯ ಬದಿಯಲ್ಲಿ ಬೇಸಿಗೆ ಬಂತೆಂದರೆ ಕಡಲ ನೀರು ಹೊಳೆಯೊಳಗೆ ಏರಿ, ಕೆಳಗಿನ ಮನೆಗಳ ಬಾವಿಗಳು ಒಂದೊಂದಾಗಿ ಉಪ್ಪಾಗುತ್ತಿದ್ದವು. ನಮ್ಮದು ಮಾತ್ರ ಸ್ವಲ್ಪ ಎತ್ತರದಲ್ಲಿ, ಮುರಕಲ್ಲು ಕಡಿದು ತೋಡಿದ ಬಾವಿ. ತೋಡಿಸಿದವಳು ಅಜ್ಜಿಯ ಅಮ್ಮ. ನಮ್ಮಲ್ಲಿ ಮನೆ ಹೆಣ್ಣಿನ ಕಡೆಯಿಂದ ಬರುವಂಥದ್ದು. ಹಾಗಾಗಿ ಬಾವಿಯೂ ಅಜ್ಜಿಯದ್ದು, ಅದರ ಜಂಬವೂ ಅಜ್ಜಿಯದ್ದು. ಬಂದವರಿಗೆ ಬೆಲ್ಲ ನೀರು ಕೊಡುವುದು ಎಲ್ಲ ಮನೆಗಳ ಪದ್ಧತಿ. ಅಜ್ಜಿ ನೀರಿನ ಚೆಂಬು ಮಾತ್ರ ಮುಂದಿಡುತ್ತಿದ್ದಳು. "ನಮ್ಮ ನೀರಿಗೆ ಬೆಲ್ಲ ಯಾಕೆ?" ಎನ್ನುತ್ತಿದ್ದಳು.

ಅಂಗಳದಲ್ಲಿ ಒಣಗಲು ಹಾಕಿದ ಸಿಗಡಿಯ ವಾಸನೆ, ಕಾಗೆ ಓಡಿಸಲು ಕುಳಿತ ನಾನು, ಮಡಿಲಲ್ಲಿ ಉಪ್ಪು-ಮೆಣಸಿನ ಪುಡಿ ಹಚ್ಚಿದ ಮಾವಿನಕಾಯಿ. ಈ ಕಡೆ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ನಾನು ಏಳನೆಯ ಕ್ಲಾಸಿನಲ್ಲಿದ್ದ ವರ್ಷ ಆ ಮಾವಿನಕಾಯಿಯನ್ನು ಮನೆಯ ಹಿಂದೆ ಅಡಗಿ ಕುಳಿತು ತಿನ್ನಬೇಕಾಯಿತು. ಅಣ್ಣನ ಕಣ್ಣಿಗೆ ಬೀಳಬಾರದಿತ್ತು.

ಅಣ್ಣ ಪ್ರಶಾಂತ ಆಗ ಪಿಯುಸಿ. ಹಿಂದಿನ ಮಳೆಗಾಲದಲ್ಲಿ ಅವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಮಣಿಪಾಲಕ್ಕೆ ಹೋಗಿ ಬರಬೇಕು. ಉಪ್ಪು ಮುಟ್ಟುವಂತಿಲ್ಲ. ಕುಡಿಯುವ ನೀರಿಗೂ ಅಳತೆ. ಅಮ್ಮ ಬೆಳಿಗ್ಗೆ ಒಂದು ಬಾಟಲಿಯಲ್ಲಿ ಅವನ ದಿನದ ನೀರು ತುಂಬಿಸಿಡುತ್ತಿದ್ದಳು. ಮಧ್ಯಾಹ್ನಕ್ಕೆ ಮುಗಿದುಹೋದರೆ ಒಂದು ತುಂಡು ಐಸ್ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅವನಿಗೆಂದು ಬೇರೆ ಪಾತ್ರೆ, ಬೇರೆ ಸೌಟು. ನಮ್ಮ ಸಾರಿನ ಸೌಟು ಅವನ ಗಂಜಿಗೆ ತಾಗಬಾರದು. ಅಮ್ಮ ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು.

ಮಣಿಪಾಲದಲ್ಲಿ ಅವನು ಕಾಯುತ್ತ ಕೂರುವ ಜಾಗದಲ್ಲಿ ಒಂದು ಅಕ್ವೇರಿಯಂ ಇತ್ತು. ಮೀನಿಗಿಂತ ಹೆಚ್ಚು ಗಿಡಗಳೇ. ಅದನ್ನು ನೋಡುತ್ತ ಕುಳಿತರೆ ಹೆಸರು ಕರೆದದ್ದೂ ಅವನಿಗೆ ಕೇಳಿಸುತ್ತಿರಲಿಲ್ಲ. ಒಂದು ದಿನ ಅಪ್ಪನ ಹತ್ತಿರ, "ನೀರು ಕುಡಿಯಲಿಕ್ಕಂತೂ ಬಿಡುವುದಿಲ್ಲ. ನೋಡಲಿಕ್ಕಾದರೂ ಒಂದು ತಂದುಕೊಡಿ" ಎಂದ.

ಅಪ್ಪ ಮಲ್ಪೆಯಿಂದ ಬೋಟಿಗೆ ಹೋಗುವವರು. ಹೋದರೆ ವಾರ ಕಳೆದು ಮನೆಗೆ ಬರುತ್ತಿದ್ದರು. "ಮೀನು ಹಿಡಿಯುವವನ ಮನೆಯಲ್ಲಿ ಮೀನು ಸಾಕುವುದಾ? ಬೋಟಿನವರು ನಗಾಡುತ್ತಾರೆ ಮಾರಾಯ!" ಎಂದರು.

"ಮೀನು ಬೇಡ. ಗಿಡ ಸಾಕು."

ಹಾಗೆ ಡಿಸೆಂಬರಿನಲ್ಲಿ, ಮಣಿಪಾಲದಿಂದ ಹಿಂದೆ ಬರುವಾಗ ಉಡುಪಿಯಲ್ಲಿ ಇಳಿದು ನಾವು ಗಿಡ ಕೊಂಡೆವು. ಬಸ್‌ಸ್ಟ್ಯಾಂಡಿನ ಹತ್ತಿರದ ಚಿಕ್ಕ ಅಂಗಡಿ. ಒಳಗೆ ಪಾಚಿಯ ವಾಸನೆ, ಮೀನಿನ ಕಾಳಿನ ವಾಸನೆ. ಅಂಗಡಿಯವರು ಎರಡು ಜಾತಿ ತೋರಿಸಿದರು. ಒಂದು ಕಬೊಂಬಾ: ಎಲೆಗಳು ಸಬ್ಬಸಿಗೆ ಸೊಪ್ಪಿನಷ್ಟು ನವಿರು, ಕಟ್ಟು ಕಟ್ಟಿ ಬುಡಕ್ಕೆ ಸ್ಪಂಜು ಸುತ್ತಿಟ್ಟಿದ್ದರು. ಇನ್ನೊಂದು ವ್ಯಾಲಿಸ್ನೇರಿಯಾ: ರಿಬ್ಬನ್ನಿನ ಹಾಗೆ ಉದ್ದುದ್ದ ಎಲೆ. ಅಣ್ಣ ಎರಡನ್ನೂ ತೆಗೆದುಕೊಂಡ. ಬಸ್ಸಿನಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಬಣ್ಣ ಕಂಡೆ.

ಅಪ್ಪ ತಂದ ಗಾಜಿನ ತೊಟ್ಟಿಗೆ ಹಾಸುವ ಮರಳು ತೊಳೆಯುವ ಕೆಲಸ ನನಗೆ ಬಂತು. ಕೆಂಪು ಹೋಗಿ ನೀರು ತಿಳಿಯಾಗುವವರೆಗೆ ಅಣ್ಣ ಬಿಡಲಿಲ್ಲ. "ಇನ್ನೊಂದು ಸಲ, ಇನ್ನೊಂದು ಸಲ" ಎಂದು ಕಟ್ಟೆಯ ಮೇಲೆ ಕುಳಿತು ದಣಿಯದ ಮೇಸ್ತ್ರಿಯಂತೆ ಹೇಳುತ್ತಲೇ ಇದ್ದ. ಕಬೊಂಬಾದ ಕಟ್ಟು ಬಿಡಿಸಿ, ತೆಂಗಿನ ಗರಿಯ ಕಡ್ಡಿಗಳಲ್ಲಿ ಚಿಮಟದಂತೆ ಹಿಡಿದು ಒಂದೊಂದೇ ಎಳೆಯನ್ನು ಮರಳಿಗೆ ಊರಿದ. ಬಾವಿಯ ನೀರನ್ನೇ ತುಂಬಿದೆವು. ಮೇಲೊಂದು ಟ್ಯೂಬ್‌ಲೈಟ್. ನಿಂತ ನೀರಿನಲ್ಲಿ ಸೊಳ್ಳೆಯಾಗುತ್ತದೆ ಎಂದು ಅಜ್ಜಿ ಹಟ ಹಿಡಿದಳು. ಅವಳ ಬಾಯಿ ಮುಚ್ಚಿಸಲು ನಾಲ್ಕಾರು ಗಪ್ಪಿ ಮೀನನ್ನೂ ಬಿಟ್ಟೆವು.

ಆ ಜನವರಿ, ಫೆಬ್ರವರಿ ನಮ್ಮ ಮನೆಯ ಕೊನೆಯ ಒಳ್ಳೆಯ ತಿಂಗಳುಗಳು. ಕಬೊಂಬಾ ಮೇಲಿನವರೆಗೂ ಬೆಳೆಯಿತು. ಅಣ್ಣ ತುದಿ ಕತ್ತರಿಸಿ ಮತ್ತೆ ಊರಿದ, ಅದೂ ಚಿಗುರಿತು. ಮಧ್ಯಾಹ್ನ ಎಲೆಗಳಿಂದ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿದ್ದವು. "ನೋಡು, ಉಸಿರು ಬಿಡುತ್ತಾ ಉಂಟು" ಎಂದು ನನ್ನನ್ನು ಹತ್ತಿರ ಕರೆದು ತೋರಿಸುತ್ತಿದ್ದ. ವಾರಕ್ಕೊಮ್ಮೆ ತೊಟ್ಟಿಯ ಅರ್ಧ ನೀರು ತೆಗೆದು ಬಾವಿಯ ಹೊಸ ನೀರು ಹಾಕುತ್ತಿದ್ದೆವು.

ಮಾರ್ಚ್ ಮುಗಿಯುವಾಗ ಕಬೊಂಬಾ ಕರಗತೊಡಗಿತು. ಕರಗುವುದು ಎಂಬ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. ಎಲೆ ಕಂದಾಗಿ, ಲೋಳೆಯಾಗಿ, ಮುಟ್ಟಿದರೆ ಕೈಗೆ ಅಂಟಿ ಬರುತ್ತಿತ್ತು. ಅಣ್ಣ ಬೆಳಕು ಹೆಚ್ಚು ಮಾಡಿದ, ಕಡಿಮೆ ಮಾಡಿದ, ನೀರನ್ನು ಇನ್ನೂ ಬೇಗ ಬೇಗ ಬದಲಾಯಿಸಿದ. ಬದಲಾಯಿಸಿದಷ್ಟೂ ಕೆಟ್ಟಿತು. ರಿಬ್ಬನ್ ಎಲೆಯ ಗಿಡಕ್ಕೆ ಮಾತ್ರ ಏನೂ ಆಗಲಿಲ್ಲ. ಗಪ್ಪಿಗಳಂತೂ ಮರಿ ಹಾಕಿ ತೊಟ್ಟಿ ತುಂಬಿಸಿದವು.

ರಜೆಯಲ್ಲಿ ಬಂದ ಅಪ್ಪ ಬಗ್ಗಿ ನೋಡಿ ತೀರ್ಪು ಕೊಟ್ಟರು. "ಮೀನು ಗಟ್ಟಿಮುಟ್ಟಾಗಿ ಉಂಟಲ್ವಾ? ಹಾಗಾದರೆ ನೀರು ಒಳ್ಳೆಯದೇ. ಗಿಡಕ್ಕೇ ಏನೋ ರೋಗ." ಅಜ್ಜಿ, ಅಮ್ಮ ಎಲ್ಲರೂ ಹೌದೆಂದರು. ಮೀನಿನ ಮೇಲೆ ಬದುಕಿದ ಮನೆ ನಮ್ಮದು. ನೀರು ಹೇಗಿದೆ ಎಂದು ತಿಳಿಯಲು ಮೀನನ್ನು ನೋಡುವವರು ನಾವು, ಗಿಡವನ್ನು ನೋಡಿ ಗೊತ್ತಿಲ್ಲ.

ಅದೇ ಹೊತ್ತಿಗೆ ಅಣ್ಣನ ಕಾಲು ಬಾತುಕೊಂಡಿತು. ಮುಖ ಊದಿತು. ಡಯಾಲಿಸಿಸ್‌ಗೆ ಮೊದಲು ತೂಕ ನೋಡಿದರೆ ಪ್ರತಿ ಸಲವೂ ಹೆಚ್ಚು. ಬಾಯಾರಿಕೆ ತಡೆಯಲಾಗದೆ ಐಸ್‌ ತುಂಡಿಗೆ ಗೋಗರೆಯುತ್ತಿದ್ದ. ಡಾಕ್ಟರು ಅಮ್ಮನನ್ನು ಕರೆದು ಕೇಳಿದರು: "ಉಪ್ಪು ಹಾಕ್ತಿದ್ದೀರಾ ಅಮ್ಮಾ?"

"ಇಲ್ಲ ಡಾಕ್ಟ್ರೇ. ದೇವರಾಣೆ, ಒಂದು ಹರಳು ಉಪ್ಪೂ ಹಾಕಲಿಲ್ಲ."

"ತಾಯಂದಿರಿಗೆ ಮನಸ್ಸು ಕೇಳುವುದಿಲ್ಲ, ನನಗೆ ಗೊತ್ತುಂಟು. ಆದರೆ ಇದು ಅವನ ಜೀವದ ಪ್ರಶ್ನೆ."

ಮನೆಗೆ ಬಂದ ಮೇಲೆ ಅಪ್ಪ ಅದೇ ಪ್ರಶ್ನೆ ಕೇಳಿದರು. ನಮ್ಮ ಮನೆಮಾತು ತುಳು. ಕನ್ನಡದಲ್ಲಿ ಬರೆದಾಗ ಅಪ್ಪನ ಮಾತು ಸ್ವಲ್ಪ ಮೆತ್ತಗೆ ಕೇಳಿಸುತ್ತದೆ. ಆಗ ಅಷ್ಟು ಮೆತ್ತಗಿರಲಿಲ್ಲ.

"ಮಗ ಕೇಳಿದ ಅಂತ ಕದ್ದು ಹಾಕಿದ್ದೀಯಾ? ನಿಜ ಹೇಳು."

"ಇಲ್ಲ ಎಂದೆನಲ್ಲ. ನನ್ನ ಮಗನಿಗೆ ನಾನು ವಿಷ ಹಾಕುತ್ತೇನಾ?"

"ಹಾಗಾದರೆ ಗಂಜಿಗೆ ರುಚಿ ಎಲ್ಲಿಂದ ಬಂತು ಮಾರಾಯ್ತಿ?"

ಅದು ನಿಜವಾಗಿತ್ತು. ಕೆಲವು ದಿನಗಳ ಹಿಂದೆ ಅಣ್ಣ, "ಈಗ ಗಂಜಿಗೆ ಸ್ವಲ್ಪ ರುಚಿ ಬಂದಿದೆ ಅಮ್ಮಾ" ಎಂದಿದ್ದ. ನಾಲಗೆಗೆ ಅಭ್ಯಾಸವಾಯಿತೆಂದು ಅಮ್ಮ ಖುಷಿಯಲ್ಲಿ ಅದನ್ನು ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ಅವಳ ಮಾತೇ ಅವಳಿಗೆ ತಿರುಗಿ ಬಿತ್ತು. ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಅಮ್ಮ ಪ್ರೀತಿಯಿಂದ ಚಿಟಿಕೆ ಹಾಕುತ್ತಿದ್ದಾಳೆ ಎಂದು ಅವನೂ ನಂಬಿದ್ದನೆಂದು ಆಮೇಲೆ ನನಗೆ ಹೇಳಿದ. ಅವಳನ್ನು ಬಿಟ್ಟುಕೊಡಬಾರದೆಂದು ಸುಮ್ಮನಿದ್ದನಂತೆ.

ಅಪ್ಪ ಒಳಗೆ ಹೋಗಿ ಉಪ್ಪಿನ ಭರಣಿಯನ್ನು ಎತ್ತಿ ತಂದು, ಕಬ್ಬಿಣದ ಕಪಾಟಿನಲ್ಲಿ ತಮ್ಮ ಅಂಗಿಗಳ ಪಕ್ಕ ಇಟ್ಟು ಬೀಗ ಹಾಕಿದರು. ಮರುದಿನ ಬೋಟಿಗೆ ಹೊರಡುವಾಗ ಕೀಲಿಕೈಯನ್ನು ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಬೇಡವೆನ್ನಲಿಲ್ಲ. ಆಮೇಲೆ ನಮ್ಮ ಸಾರಿಗೆ ಉಪ್ಪು ಬೇಕಾದಾಗಲೆಲ್ಲ ಅಮ್ಮ ತೆಂಗಿನ ಗೆರಟೆ ಹಿಡಿದು ತನ್ನ ಅಮ್ಮನ ಮುಂದೆ ಹೋಗಿ ನಿಲ್ಲಬೇಕಿತ್ತು. ಅಂಗೈಯಷ್ಟು ಉಪ್ಪು ಕೊಟ್ಟು, ಸಾರು ಕುದಿಯುವವರೆಗೆ ಅಜ್ಜಿ ಅಡುಗೆಮನೆಯ ಬಾಗಿಲಲ್ಲೇ ಕೂರುತ್ತಿದ್ದಳು. ಅಮ್ಮನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. 

ಬೀಗ ಹಾಕಿದ ಮೇಲೂ ಬಾವು ಇಳಿಯಲಿಲ್ಲ.

ಮೇ ತಿಂಗಳಲ್ಲಿ ಒಂದು ದಿನ ಅಣ್ಣನನ್ನು ಡಯಾಲಿಸಿಸ್‌ಗೆ ಮಲಗಿಸಿ, ಅಮ್ಮನನ್ನು ಅಲ್ಲಿ ಬಿಟ್ಟು, ಅಪ್ಪ ನನ್ನನ್ನು ಕರೆದುಕೊಂಡು ಉಡುಪಿಯ ಅಂಗಡಿಗೆ ಹೋದರು. ಬೇರೆ ಕಬೊಂಬಾ ತಂದುಕೊಡುತ್ತೇನೆಂದು ಮಗನಿಗೆ ಮಾತು ಕೊಟ್ಟಿದ್ದರು. ತೋರಿಸಲೆಂದು ಕರಗಿದ ಗಿಡದ ಒಂದು ಎಳೆಯನ್ನು ಅಣ್ಣ ಚೀಲದಲ್ಲಿ ಹಾಕಿ ಕೊಟ್ಟಿದ್ದ. ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದರು.

"ಮೀನು ಹೇಗುಂಟು?"

"ಮೀನು ಚೆನ್ನಾಗಿ ಉಂಟು. ಮರಿ ಹಾಕಿದೆ."

"ನೀರಿಗೆ ಉಪ್ಪು ಹಾಕಿದ್ದೀರಾ?"

"ಇಲ್ಲ," ಎಂದರು ಅಪ್ಪ. "ದೇವರಾಣೆ, ಒಂದು ಹರಳು ಉಪ್ಪೂ..."

ಅಷ್ಟಕ್ಕೇ ಮಾತು ನಿಂತಿತು. ಅಂಗಡಿಯವರು ತಮ್ಮ ಪಾಡಿಗೆ ಹೇಳುತ್ತಲೇ ಇದ್ದರು: ಮೀನಿಗೆ ಹುಷಾರಿಲ್ಲದಾಗ ಕೆಲವರು ಕಲ್ಲುಪ್ಪು ಹಾಕುತ್ತಾರೆ, ಗಪ್ಪಿ ಅದನ್ನು ತಡೆದುಕೊಳ್ಳುತ್ತದೆ, ಉದ್ದ ಎಲೆಯದ್ದೂ ತಡೆದುಕೊಳ್ಳುತ್ತದೆ, ಈ ಗಿಡಕ್ಕೆ ಮಾತ್ರ ಆಗುವುದಿಲ್ಲ.  ಅಪ್ಪ ಗಿಡ ಕೊಳ್ಳದೆ ಹೊರಗೆ ಬಂದರು. ಬಸ್‌ಸ್ಟ್ಯಾಂಡಿನಲ್ಲಿ ಒಂದು ಬಾಟಲಿ ನೀರು ಕೊಂಡರು. ಬಾಯಾರಿ ನಾನು ಕೈಚಾಚಿದರೆ ಕೊಡಲಿಲ್ಲ.

ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ಎರಡು ಸ್ಟೀಲ್ ಲೋಟಗಳನ್ನು ಮೇಜಿನ ಮೇಲಿಟ್ಟು, ಒಂದಕ್ಕೆ ಬಾಟಲಿಯ ನೀರು, ಒಂದಕ್ಕೆ ಬಾವಿಯ ನೀರು ಹೊಯ್ದರು. ಮೊದಲು ತಾವು ಕುಡಿದರು. ಆಮೇಲೆ ಅಮ್ಮನ ಕಡೆ ತಳ್ಳಿದರು. ಅಮ್ಮ ಒಂದು ಗುಟುಕು ಅದರಿಂದ, ಒಂದು ಗುಟುಕು ಇದರಿಂದ ಕುಡಿದಳು. ಲೋಟ ಇಟ್ಟು ಹೋಗಿ, ಅಣ್ಣನ ಬಾಟಲಿಯ ನೀರನ್ನು ಅಂಗಳಕ್ಕೆ ಚೆಲ್ಲಿದಳು.

ನಮ್ಮ ಬಾವಿ ಉಪ್ಪಾಗಿತ್ತು. ಯಾವ ದಿನ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ದಿನಾ ಅದನ್ನೇ ಕುಡಿಯುವ ಬಾಯಿಗೆ ದಿನಕ್ಕಿಷ್ಟಿಷ್ಟೇ ಏರುವ ಉಪ್ಪು ತಿಳಿಯಲಿಲ್ಲ. ನಮ್ಮಲ್ಲಿಗೆ ನೀರಿಗೆ ಬರುತ್ತಿದ್ದ ಕೆಳಗಿನ ಮನೆಯವರಿಗೆ ತಮ್ಮ ಬಾವಿಗಿಂತ ಅದೇ ವಾಸಿಯಾಗಿತ್ತು. ಅಮ್ಮ ಆ ನೀರಿನಲ್ಲಿ ಬೇರೆ ಪಾತ್ರೆಯಿಟ್ಟು, ಬೇರೆ ಸೌಟು ಇಟ್ಟು, ಉಪ್ಪಿಲ್ಲದ ಗಂಜಿ ಬೇಯಿಸಿದ್ದಳು. ಅವನ ಬಾಟಲಿ ತುಂಬಿಸಿದ್ದಳು. ಐಸ್ ಮಾಡಿ ಬಾಯಿಗಿಟ್ಟಿದ್ದಳು.

ನೆರೆಮನೆಯ ಕಲ್ಯಾಣಿಯಕ್ಕ ಯುಗಾದಿಯ ನಂತರ ನಮ್ಮ ಬಾವಿಗೆ ಬರುವುದನ್ನು ನಿಲ್ಲಿಸಿದ್ದಳು. ಕಾಯಿಲೆಯ ಮನೆಯೆಂದು ದೂರವಾದಳೇನೋ ಎಂದುಕೊಂಡಿದ್ದೆವು. ಈಗ ಅಮ್ಮ ಕೇಳಿದಾಗ ಅವಳು ಸೆರಗಿನ ತುದಿ ತಿರುವುತ್ತ ಹೇಳಿದಳು: "ನೀರು ಸ್ವಲ್ಪ ಉಪ್ಪು ಅನಿಸಿತ್ತು. ಹೇಗೆ ಹೇಳುವುದು? ನಿಮ್ಮ ಅಮ್ಮನ ಬಾವಿ ಅಲ್ವಾ, ಬೇಜಾರಾಗುತ್ತದೆ ಅಂತ..." ಅವಳಿಗೆ ಬೈಯಲೂ ನಮ್ಮಲ್ಲಿ ಶಕ್ತಿ ಉಳಿದಿರಲಿಲ್ಲ.

ಅಪ್ಪ ಕಪಾಟಿನ ಬೀಗ ತೆಗೆದು ಭರಣಿಯನ್ನು ಅದರ ಜಾಗದಲ್ಲಿಟ್ಟರು. ಏನಾದರೂ ಹೇಳಿಯಾರೆಂದು ನಾನು ಬಾಗಿಲಲ್ಲಿ ನಿಂತು ಕಾದೆ.  ಬೆಳಿಗ್ಗೆ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹೆದ್ದಾರಿಯ ಆಚೆಯಿಂದ ನೀರು ತರಲು ಹೋದರು.

ಹೊಸ ನೀರಿಗೆ ಅಣ್ಣನ ಬಾವು ಇಳಿಯಿತು. ಆದರೆ ಹೃದಯ ಅಷ್ಟರಲ್ಲಿ ಸೋತಿತ್ತು. ಆಟಿ ತಿಂಗಳ ಜಡಿಮಳೆಯಲ್ಲಿ, ಬಾವಿ ಕಟ್ಟೆಯವರೆಗೆ ತುಂಬಿ ನೀರು ಮತ್ತೆ ಸಿಹಿಯಾಗಿದ್ದಾಗ, ಅವನು ಹೋಗಿಬಿಟ್ಟ. ಬಾವಿಯ ನೀರಿನಿಂದಲೇ ಹೀಗಾಯಿತೆಂದು ಹೇಳಲಾಗುವುದಿಲ್ಲ, ಅವನ ಕಾಯಿಲೆಯೇ ಅಂಥದ್ದು ಎಂದು ಡಾಕ್ಟರು ಸಮಾಧಾನ ಹೇಳಿದರು. ಅಮ್ಮ ತಲೆಯಾಡಿಸಿದಳು, ಅಷ್ಟೆ. ತೊಟ್ಟಿಯನ್ನು ಬರಿದು ಮಾಡಿ ಅಟ್ಟಕ್ಕೆ ಹಾಕಿದೆವು. ಆಮೇಲೆ ಅಜ್ಜಿ ಅದರಲ್ಲಿ ನೀರುಳ್ಳಿ ತುಂಬಿಸಿಡತೊಡಗಿದಳು.

ಈಗ ನಾನು ಕಾರ್ಕಳದಲ್ಲಿದ್ದೇನೆ. ಮೇಜಿನ ಮೇಲೆ ಒಂದು ಗಾಜಿನ ತೊಟ್ಟಿ ಉಂಟು. ಗಿಡಗಳು ಫೋನಿನಲ್ಲಿ ಒತ್ತಿದರೆ ಪುಟ್ಟ ಡಬ್ಬಿಯಲ್ಲಿ ಮನೆ ಬಾಗಿಲಿಗೆ ಬರುತ್ತವೆ. ನೀರಲ್ಲಿ ಅದ್ದಿದರೆ ಉಪ್ಪಿನಂಶ ತೋರಿಸುವ ಪೆನ್ನಿನಂಥ ಒಂದು ಸಾಧನವೂ ಬಂದಿದೆ. ಅಂಗಿಯ ಕಿಸೆಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದನ್ನು ಕೈಗೆತ್ತಿಕೊಂಡಾಗಲೆಲ್ಲ ಇದೊಂದು ಆಗ ಇದ್ದಿದ್ದರೆ ಎಂದು ಅನಿಸದೆ ಇರುವುದಿಲ್ಲ. ಉದ್ಯಾವರದ ಮನೆಗೆ ಪೈಪಿನ ನೀರು ಬಂದಿದೆ. ಅಜ್ಜಿ ಇಲ್ಲ. ಬಾವಿಗೆ ಬಲೆ ಹೊದಿಸಿದ್ದಾರೆ. ಅಪ್ಪ ಬೋಟು ಬಿಟ್ಟು ಮನೆಯಲ್ಲೇ ಇದ್ದಾರೆ. ಅಪ್ಪ ಅಮ್ಮ ಜಗಳವಾಡಿದ್ದನ್ನು ಆ ಬೇಸಿಗೆಯ ನಂತರ ನಾನು ನೋಡಿಲ್ಲ. ನಕ್ಕದ್ದನ್ನೂ ನೋಡಿಲ್ಲ. ಅಮ್ಮ ತನ್ನ ಗಂಜಿಗೆ ಉಪ್ಪು ಹಾಕಿಕೊಳ್ಳುವುದಿಲ್ಲ.

ಕಳೆದ ರಜೆಯಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತಿದ್ದೆವು. ಮಗಳು ಒಂದು ತುತ್ತು ಬಾಯಿಗಿಟ್ಟವಳೇ ಮುಖ ಸಿಂಡರಿಸಿದಳು.

"ಅಜ್ಜೀ, ಗಂಜಿಗೆ ಉಪ್ಪೇ ಇಲ್ಲ. ಸ್ವಲ್ಪ ಕೊಡು."

ಅಮ್ಮ ತಲೆ ಎತ್ತಲಿಲ್ಲ. ಮೆಲ್ಲಗೆ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು:

"ಅಜ್ಜನ ಹತ್ತಿರ ಕೇಳು ಮಗಾ."

ಅಪ್ಪನ ಕೈ ಬಟ್ಟಲಿನಲ್ಲೇ ನಿಂತಿತು. ಆಮೇಲೆ ಎದ್ದು, ಕೈಯನ್ನೂ ತೊಳೆಯದೆ ಒಳಗೆ ಹೋಗಿ, ಭರಣಿ ತಂದು ಮೊಮ್ಮಗಳ ಬಟ್ಟಲಿನ ಪಕ್ಕದಲ್ಲಿಟ್ಟರು. ಮತ್ತೆ ಊಟಕ್ಕೆ ಕೂರಲಿಲ್ಲ.